ಜಾಲಿ ಮುಳ್ಳು ಹಚ್ಚಿದವರು ಯಾರು, ಯಾರ ಸಲುವಾಗಿ?

ಕೊರೊನಾ ಮಾತು ಈಗ್ಯಾಕ ತಗದಿ ಅಂತ ಕೇಳೋರಿಗೆ ಮೊದಲ ಇದನ್ನ ಹೇಳ್ತೀನಿ. 2024ರ ಫೆಬ್ರುವರಿಯೊಳಗ ಕಾನೂನು ಆಯೋಗ ತನ್ನ 286ನೇ ವರದಿ ಕೊಟ್ಟೇತಿ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇನ್ನ ಮುಂದ ಸಾಲಂಗಿಲ್ಲ, ತಿದ್ದಬೇಕು ಇಲ್ಲಾ ಹೊಸಾದು ತರಬೇಕು ಅಂತ. ಅಂದ್ರ ಇವತ್ತಿಲ್ಲಾ ನಾಳೆ ಒಂದು ಕರಡು ಬರಬೇಕು. ಬಂದಾಗ ಅದರಾಗ ನಮ್ಮ ಕಡೆ ಲಂಬಾಣಿ ತಾಂಡಾದವರು, ಆಫ್ರಿಕಾ ಮೂಲದ ಸಿದ್ದಿ ಮಂದಿ, ಅಲೆಮಾರಿಗಳು, ಮುಸ್ಲಿಂ ಓಣಿಯವರು, ಇವರ ಸಲುವಾಗಿ ಏನರ ಬರದಿರತೈತೋ ಇಲ್ಲೋ ಅನ್ನೋದು ನನಗ ಭಾಳ ದಿನದಿಂದ ತಲಿ ತಿನ್ನಾಕತ್ತೇತಿ.

ಆ ಹಳೇ ಕಾಯ್ದೆ ಓದಾಕ ಹೊತ್ತೇನೂ ಹಿಡಿಯಂಗಿಲ್ಲ. ಮುಂಬೈಗೆ ಪ್ಲೇಗ್ ಬಂದಾಗ ಬ್ರಿಟಿಷರು ಗಡಿಬಿಡಿಯೊಳಗ ಮಾಡಿದ್ದು, ನಾಕೇ ಕಲಂ ಇದ್ವು. ಸರ್ಕಾರಕ್ಕ ಬೇಕಾದ ಹುಕುಂ ಹೊರಡಸಾಕ ಅಧಿಕಾರ, ಕೇಳದಿದ್ರ ಶಿಕ್ಷಾ, ಒಳ್ಳೇ ಉದ್ದೇಶದಿಂದ ಮಾಡಿದ್ದಕ್ಕ ಯಾರ ಮ್ಯಾಲೂ ಕೇಸ್ ಹಾಕಂಗಿಲ್ಲ, ಅಷ್ಟ. ಮನಿಯೊಳಗ ಕೂಡ್ರಿಸಿದ ಮನಷ್ಯಾಗ ಊಟ ಯಾರ ಕೊಡಬೇಕು, ಅವನಿಗೆ ತಿಳಿಯೋ ಭಾಷಾದಾಗ ಯಾರ ಹೇಳಬೇಕು, ಒಂದ ಜಾತಿಯವರ ಓಣಿಯನ್ನಷ್ಟ ಮುಚ್ಚಬಾರದು, ಇಂಥಾದ್ದು ಒಂದ ಸಾಲೂ ಇಲ್ಲ. ಅವಾಗ ನಾವು ಮುಂಬೈ ಪ್ರಾಂತ್ಯದಾಗ ಇದ್ವಿ, 1898ರಾಗ ಹುಬ್ಬಳ್ಳಿಗೆ ಪ್ಲೇಗ್ ಭಾಳ ಕೆಟ್ಟ ಬಡೀತು, ಹಾಫ್‌ಕಿನ್ ಅವರ ಲಸಿಕಿ ಇಲ್ಲೆ ಸಾವಿರಗಟ್ಟಲೆ ಮಂದಿಗೆ ಹಾಕಿದ್ರು, ಊರ ಬಿಟ್ಟು ಹೊಲದಾಗ ಗುಡಿಸಲಾ ಹಾಕ್ಕೊಂಡಿದ್ದ ಕಥಿ ನಮ್ಮ ಮನ್ಯಾಗ ಹಿರ್ಯಾರು ಹೇಳ್ತಿದ್ರು. ಅದೇ ಬ್ರಿಟಿಷ್ ಸರ್ಕಾರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಕೆಲವು ಸಮುದಾಯಗಳನ್ನ ಹುಟ್ಟಿನಿಂದನ ಅಪರಾಧಿಗಳು ಅಂತ ಮಾಡಿ, ಮುಂದ ಹುಬ್ಬಳ್ಳಿಯೊಳಗ, ಗದಗ-ಬೆಟಗೇರಿಯೊಳಗ ಸೆಟ್ಲಮೆಂಟ್ ಕಟ್ಟಿ ಅವರನ್ನ ಅಲ್ಲೆ ಇಟ್ಟಿತ್ತು. 1952ರಾಗ ಆ ಕಾಯ್ದೆ ಹೋತು, ಜನ ಇನ್ನೂ ಆ ಏರಿಯಾಕ್ಕ ಸೆಟ್ಲಮೆಂಟ್ ಅಂತನ ಅಂತಾರ. ಒಂದು ಸಮುದಾಯ ಇಡೀಕ ಇಡೀ ಅನುಮಾನದಿಂದ ನೋಡೋದು ನಮ್ಮ ಭಾಗದಾಗ ಕೊರೊನಾ ಬಂದ ಮ್ಯಾಲೆ ಹುಟ್ಟಿದ್ದಲ್ಲ.

2020ರ ಮೇ ತಿಂಗಳದಾಗ ಗೆಳ್ಯಾರ ಜೋಡಿ ರೇಷನ್ ಕಿಟ್ ಹಂಚಾಕ ಗದಗ ಜಿಲ್ಲಾದ ತಾಂಡಾಗಳಿಗೆ ಹೋಗಿದ್ದೆ. ಎರಡು ಕಡೆ ದಾರಿಗೆ ಜಾಲಿ ಮುಳ್ಳು ಹಚ್ಚಿದ್ರು. ಒಂದು ತಾಂಡಾದಾಗ ಅಲ್ಲಿ ಹುಡುಗೂರ ಹಚ್ಚಿದ್ದು, ತಾಂಡಾದ ಹಿರ್ಯಾರಾದ ನಾಯಕ, ಕಾರಭಾರಿ ಕುಂತು ಮಾತಾಡಿ, ಯಾರ ಹೊರಗ ಹೋಗಬೇಕು, ಯಾರ ಎಲ್ಲಾರ ರೇಷನ್ ತರಬೇಕು ಅಂತ ಮೊದಲ ಠರಾವು ಮಾಡ್ಕೊಂಡಿದ್ರು, ನಮ್ಮನ್ನೂ ಒಳಗ ಬಿಡಲಿಲ್ಲ, ಕಿಟ್ ಅಲ್ಲೇ ಇಳಿಸಿ ಬಂದ್ವಿ, ನನಗ ಅದು ಭಾಳ ಸರಿ ಅನಿಸ್ತು. ಇನ್ನೊಂದು ಕಡೆ ಮುಳ್ಳು ಹಚ್ಚಿದವರು ಪಕ್ಕದ ಊರವರು, ತಾಂಡಾದವರು ಊರಾಗ ಬರಬಾರದು ಅಂತ, ಯಾಕಂದ್ರ ಗೋವಾಕ್ಕ ದುಡ್ಯಾಕ ಹೋದ ಹುಡುಗೂರು ವಾಪಸ್ ಬಂದಿದ್ರು. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಗುಳಿಗಿ ಅಂಗಡಿ ಎಲ್ಲಾ ಊರ ಕಡೆ ಇದ್ವು. ಮುಳ್ಳಿನ ಈಚಿಗೆ ಒಬ್ಬ ಅಜ್ಜಿ ತಲಿ ಮ್ಯಾಲಿನ ಜ್ವಾಳದ ಚೀಲ ಇಳಿಸಿ ನಿಂತಿದ್ಲು. "ನನ್ನ ಮಮ್ಮಗ ಬಂದಾನ ಖರೆ, ಅವನ್ನ ಸಾಲ್ಯಾಗ ಇಟ್ಟಾರ. ನಾ ಎಲ್ಲಿಗೂ ಹೋಗಿಲ್ಲೋ ತಮ್ಮಾ, ನನ್ನ ಜ್ವಾಳ ಯಾಕ ಬೀಸಂಗಿಲ್ಲ ಇವರು?" ಅಂದ್ಲು. ಆಕಿ ನುಚ್ಚು ಒಡಕೊಂಡು ಕುದಿಸಿ ತಿನ್ನಾಕತ್ತಿದ್ಲಂತ, ರೊಟ್ಟಿ ಕಂಡು ಭಾಳ ದಿನ ಆಗಿತ್ತಂತ.

ಜಾತಿ ನೋಡಿ ಮಾಡಿದ್ದಲ್ಲ, ರೋಗದ ಅಂಜಿಕಿಗೆ ಮಾಡಿದ್ದು ಅಂತ ಊರವರು ಹೇಳಿದ್ರು. ಅಂಜಿಕಿ ಎಲ್ಲಾರಿಗೂ ಇತ್ತು, ನನಗೂ ಇತ್ತು. ಆದ್ರ ಅದೇ ಊರಾಗ ಬೆಂಗಳೂರಿಂದ ಬಂದ ಊರ ಹುಡುಗನ ಮನಿಗೆ ಒಂದು ಚೀಟಿ ಅಂಟಿಸಿ ಬಿಟ್ಟಿದ್ರು, ಅವನ ಓಣಿಗೆ ಯಾರೂ ಮುಳ್ಳು ಹಚ್ಚಿರಲಿಲ್ಲ. ಒಬ್ಬನ ವಿಷಯದಾಗ ಆ ಒಬ್ಬನ್ನ ನೋಡೋದು, ಇನ್ನೊಬ್ಬನ ವಿಷಯದಾಗ ಅವನ ಇಡೀ ಸಮುದಾಯ ನೋಡೋದು, ತಾರತಮ್ಯ ಅಂದ್ರ ಇದ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರಿ, ರಸ್ತಾ ಎಲ್ಲಾ ಹೆಸರ ಹಿಡದು ಹೇಳತೈತಿ, ಧರ್ಮ, ಜಾತಿ, ಜನಾಂಗ, ಹುಟ್ಟಿದ ಊರು ಇವಷ್ಟನ್ನ ನೋಡಿ ಯಾವ ನಾಗರಿಕನನ್ನೂ ತಡೀಬಾರದು ಅಂತ, ಮತ್ತ ಇದು ಸರ್ಕಾರಕ್ಕಷ್ಟ ಅಲ್ಲ, ಮಂದಿಗೂ ಅನ್ವಯ ಆಗತೈತಿ. ಲಂಬಾಣಿಗರು ನಮ್ಮ ರಾಜ್ಯದಾಗ ಪರಿಶಿಷ್ಟ ಜಾತಿ, ಹಂಗಾಗಿ ಸಾಮಾಜಿಕ ಇಲ್ಲಾ ಆರ್ಥಿಕ ಬಹಿಷ್ಕಾರ ಹಾಕಿದ್ರ ದೌರ್ಜನ್ಯ ತಡೆ ಕಾಯ್ದೆಯೊಳಗ ಅದು ಅಪರಾಧ, 2015ರ ತಿದ್ದುಪಡಿಯೊಳಗ ಸ್ಪಷ್ಟ ಸೇರ್ಸ್ಯಾರ. ಆ ಅಜ್ಜಿಗೆ ಇದನ್ನ ಹೇಳೋರು ಒಬ್ಬರೂ ಇರಲಿಲ್ಲ.

ಹುಬ್ಬಳ್ಳಿಯೊಳಗೂ ಆ ಏಪ್ರಿಲ್‌ದಾಗ ಹೆಸರ ಕೇಳಿ ಕಾಯಿಪಲ್ಲೆ ತಗೊಳ್ಳೋದು ನಡದಿತ್ತು. ನಮ್ಮ ಓಣಿಗೆ ವರ್ಷಾನುಗಟ್ಟಲೆ ಮೆಂತೆಪಲ್ಲೆ ತರ್ತಿದ್ದ ಗಾಡಿಯವ ಆಧಾರ್ ಕಾರ್ಡ್ ಕಿಸೆದಾಗ ಇಟ್ಕೊಂಡು ಬರಬೇಕಾತು. ದಿಲ್ಲಿಯೊಳಗ ತಬ್ಲೀಗಿ ಜಮಾತ್ ಅನ್ನೋ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಯಿಂದ ಕೊರೊನಾ ಹಬ್ಬೇತಿ ಅಂತ ಸುದ್ದಿ ಆದ ಮ್ಯಾಲಿನ ಮಾತಿದು. ಅದೇ ವರ್ಷ ಆಗಸ್ಟ್ 21ಕ್ಕ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಸಭೆಗೆ ಬಂದಿದ್ದ ವಿದೇಶಿಯರ ಮ್ಯಾಲಿನ ಕೇಸ್ ರದ್ದ ಮಾಡಿ, ಪಿಡುಗು ಬಂದಾಗ ಸರ್ಕಾರ ಬಲಿಪಶು ಹುಡಕತೈತಿ ಅಂತ ಬರೀತು. ಅಷ್ಟೊತ್ತಿಗೆ ನಮ್ಮ ಗಾಡಿಯವ ನಮ್ಮ ಓಣಿಗೆ ಬರೋದು ಬಿಟ್ಟಿದ್ದ.

ಅಂತರರಾಷ್ಟ್ರೀಯ ಕಾನೂನು ನಮಗೇನ ಸಂಬಂಧ ಅನ್ನಬ್ಯಾಡ್ರಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕ ಭಾರತ 1979ರಾಗ ಸೇರೇತಿ. ಅದರ 4ನೇ ವಿಧಿ ಪ್ರಕಾರ ದೇಶಕ್ಕ ದೊಡ್ಡ ಗಂಡಾಂತರ ಬಂದಾಗ ಕೆಲವು ಹಕ್ಕು ತಡದು ಇಡಬಹುದು, ಆದ್ರ ಅವಾಗೂ ಬರೇ ಜನಾಂಗ, ಬಣ್ಣ, ಭಾಷಾ, ಧರ್ಮ, ಸಾಮಾಜಿಕ ಮೂಲ ನೋಡಿ ಭೇದ ಮಾಡಂಗಿಲ್ಲ. ಕಾನೂನು ತಜ್ಞರು ಕೂಡಿ ಬರದ 1984ರ ಸಿರಾಕುಸಾ ತತ್ವಗಳು ಇದನ್ನ ಇನ್ನೂ ಬಿಡಿಸಿ ಹೇಳ್ತಾವು: ನಿರ್ಬಂಧ ಕಾನೂನಿನ ಪ್ರಕಾರ ಇರಬೇಕು, ಖರೇನ ಅವಶ್ಯ ಇರಬೇಕು, ಅದಕ್ಕಿಂತ ಹಗುರ ದಾರಿ ಇದ್ರ ಅದನ್ನ ಹಿಡೀಬೇಕು.

ಗದಗಿನ ಆ ಎರಡು ಮುಳ್ಳು ನೋಡಿದ ಮ್ಯಾಲೆ ನನಗ ಎರಡು ದೇಶದ ಸುದ್ದಿ ಬ್ಯಾರೆನ ಕಂಡ್ವು. ಸ್ಲೊವಾಕಿಯಾದಾಗ 2020ರ ಏಪ್ರಿಲ್‌ದಾಗ ರೋಮಾ ಜನರ (ಯುರೋಪಿನ ಒಂದು ಅಲ್ಪಸಂಖ್ಯಾತ ಸಮುದಾಯ) ಕೆಲವು ಕೇರಿಗಳನ್ನ ಪೊಲೀಸ್, ಮಿಲಿಟರಿ ನಿಲ್ಲಿಸಿ ಇಡಿಯಾಗಿ ಮುಚ್ಚಿದ್ರು. ಬ್ರೆಜಿಲ್‌ದಾಗ ಮೂಲನಿವಾಸಿಗಳ ಸಂಘಟನೆಯವರೇ ಸುಪ್ರೀಂ ಕೋರ್ಟಿಗೆ ಹೋದ್ರು, ಜುಲೈದಾಗ ನ್ಯಾಯಮೂರ್ತಿ ಬರೋಸೊ ಅವರು ಹೊರಗಿನವರು ಬರದಂಗ ಕಾಡಿನ ಜನರ ಸುತ್ತ ತಡೆ ಹಾಕ್ರಿ, ಯೋಜನಾ ಮಾಡುವಾಗ ಅವರನ್ನೂ ಕೂಡ್ರಿಸ್ಕೊಳ್ರಿ ಅಂತ ಸರ್ಕಾರಕ್ಕ ಆದೇಶ ಕೊಟ್ರು. ತಡೆ ಎರಡೂ ಕಡೆ ಐತಿ, ಆದ್ರ ಒಂದು ಮಂದಿಯನ್ನ ಒಳಗ ಕೂಡಿ ಹಾಕಾಕ, ಇನ್ನೊಂದು ಅವರನ್ನ ಉಳಸಾಕ, ಅದೂ ಅವರನ್ನ ಕೇಳಿ. ಹೊಸ ಕಾನೂನಿನ್ಯಾಗ ನನಗ ಬೇಕಾಗಿರೋದು ಇಷ್ಟ.

ಕಲಘಟಗಿ ಕಡೆ ಸಿದ್ದಿ ಜನರದೂ ಹೇಳಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಾಗ ಪರಿಶಿಷ್ಟ ಪಂಗಡ ಆದ್ರು, ಧಾರವಾಡ, ಬೆಳಗಾವಿ ಜಿಲ್ಲಾದವರು ಆಗಾಕ 2020 ಬರಬೇಕಾತು, ಅದೇ ವರ್ಷ ಲಾಕ್‌ಡೌನ್. ಲಸಿಕಿ ಟೈಮಿನ್ಯಾಗೂ ಹಂಗ ತಡ ಆತು, 2021ರ ಮೇದಾಗ 18 ದಾಟಿದವರಿಗೆ ಅಂತ ಶುರು ಮಾಡಿ ಕೋವಿನ್ ಪೋರ್ಟಲ್‌ದಾಗ ಹೆಸರ ನೋಂದಾಯಿಸ್ರಿ ಅಂದ್ರು, ಅದರಾಗ ಕನ್ನಡ ಬಂದಿದ್ದು ಜೂನ್‌ದಾಗ. ಗುರುತಿನ ಚೀಟಿ ಇಲ್ಲದ ಅಲೆಮಾರಿಗಳಿಗೂ ಲಸಿಕಿ ಹಾಕಬೇಕು ಅಂತ ಕೇಂದ್ರ ಅದೇ ಮೇದಾಗ ಸೂಚನೆ ಕೊಟ್ಟಿತ್ತು, ಒಳ್ಳೇದ ಮಾಡಿತ್ತು, ಆದ್ರ ಸುಡುಗಾಡು ಸಿದ್ಧರಂಥಾ ಅಲೆಮಾರಿಗಳ ಟೆಂಟಿಗೆ ಹೋಗಿ ಅದನ್ನ ಹೇಳಾಕ ಯಾರಿಗಾದ್ರೂ ಡ್ಯೂಟಿ ಹಚ್ಚಬೇಕಲ್ಲ. ತಾಂಡಾದಾಗ ಲಂಬಾಣಿ ಮಾತಾಡೋ ಆಶಾ ಕಾರ್ಯಕರ್ತೆ ಇದ್ದಲ್ಲೆ ಮಂದಿ ತಾವ ಎದ್ದು ಬಂದ್ರು, ನಾ ಕಣ್ಣಾರೆ ನೋಡೀನಿ.

ಈಗಿದ್ದ ಕಾನೂನಿನ್ಯಾಗೂ ದಾರಿ ಅದಾವು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕ ದೂರು ಕೊಡಾಕ ವಕೀಲರು ಬೇಕಿಲ್ಲ, ಫೀ ಇಲ್ಲ, ಕನ್ನಡದಾಗ ಬರದ್ರ ನಡೀತೈತಿ, ಘಟನಾ ಆಗಿ ಒಂದು ವರ್ಷದೊಳಗ ಕೊಡಬೇಕು ಅಷ್ಟ. ಪರಿಶಿಷ್ಟ ಜಾತಿ-ಪಂಗಡದವರಿಗೆ, ಜನಾಂಗೀಯ ಹಿಂಸೆಗೆ ಸಿಕ್ಕವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ವಕೀಲರು ಪುಕ್ಕಟೆ ಸಿಗ್ತಾರ, ಜಿಲ್ಲಾ ಕೋರ್ಟಿಗೆ ಹೋಗಿ ಕೇಳಿದ್ರ ಆಫೀಸ್ ತೋರಸ್ತಾರ. ಇನ್ನ ಕರಡು ಬಂದಾಗ ಆಕ್ಷೇಪಣೆ ಕಳಸೋ ವಕೀಲರು, ಮಾಸ್ತರು, ಸಂಘದವರು ಇದನ್ನ ಓದಾಕತ್ತಿದ್ರ ಒಂದು ಕೇಳ್ಕೋತೀನಿ, ಬರಿಯೋಕಿಂತ ಮೊದಲ ತಾಂಡಾಕ್ಕ ಹೋಗಿ ನಾಯಕ, ಕಾರಭಾರಿ, ಹೆಣ್ಣಮಕ್ಕಳು ಎಲ್ಲಾರನ್ನೂ ಕೂಡ್ರಿಸಿ 2020ರಾಗ ಏನೇನ ಆತು ಅಂತ ಕೇಳ್ರಿ, ಮತ್ತ ಓಣಿ ಮುಚ್ಚೋ ಹುಕುಂ ಹೊರಡಿಸಿದವರೇ ಆ ಓಣಿಗೆ ರೇಷನ್, ಔಷಧ, ಗಿರಣಿ ಎಲ್ಲಾ ನೋಡ್ಕೋಬೇಕು ಅನ್ನೋ ಒಂದು ಕಲಂ ಹಾಕ್ರಿ ಅಂತ ಬರೀರಿ.