ಮೆಣಸಿಗೆ ಟನ್ ಲೆಕ್ಕ, ಜನಕ್ಕೆ ಲಕ್ಷದ ಲೆಕ್ಕ

ಮೊನ್ನೆ ಮೂಡಿಗೆರೆಗೆ ಎರಡು ಚೀಲ ಮೆಣಸು ಮಾರಲು ಹೋಗಿದ್ದೆ. ಅಂಗಡಿ ಮುಂದೆ ಕೂತವರದ್ದೆಲ್ಲ ಒಂದೇ ಮಾತು, ಲಂಕೆ ಮಾಲು ಬಂದು ನಮ್ಮ ರೇಟು ಬೀಳ್ತಿದೆ ಅಂತ. ಪಕ್ಕದ ತೋಟದ ಹುಡುಗ ಕೇಳಿದ: "ಅಲ್ಲಣ್ಣ, ಅವರ ಮೆಣಸಿಗೆ ಸುಂಕನೇ ಇಲ್ವಂತೆ, ಲಂಕೆಯವರು ನಮಗೇನು ನೆಂಟರಾ?"

ಒಂಥರಾ ನೆಂಟರೇ. 1998ರ ಡಿಸೆಂಬರಿನಲ್ಲಿ ಎರಡೂ ದೇಶ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು, ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಲಂಕೆ ಹೆಸರಲ್ಲಿ ವಿಯೆಟ್ನಾಂ ಮಾಲು ನುಗ್ಗುತ್ತೆ ಅನ್ನೋದು ಬೆಳೆಗಾರರ ಸಿಟ್ಟು. 2017ರಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಗೊಣಗಾಟ ಮಾತ್ರ ನಿಂತಿಲ್ಲ.

ಆದರೆ ಈ ಎರಡು ದೇಶಗಳು ಕೂತು ಮಾಡಿಕೊಂಡ ಇನ್ನೊಂದು ಲೆಕ್ಕ ಇದೆ. ನನಗೆ ಮೆಣಸಿಗಿಂತ ಅದೇ ಜಾಸ್ತಿ ಕಾಡುತ್ತದೆ. ನಮ್ಮ ಗುಡ್ಡಗಳಲ್ಲಿ ಕಾಫಿ ಹಾಕಿದ ಬ್ರಿಟಿಷರೇ ಸಿಲೋನ್ ಅಂದರೆ ಆಗಿನ ಲಂಕೆಯಲ್ಲೂ ಹಾಕಿದರು, ಕೆಲಸಕ್ಕೆ ತಮಿಳುನಾಡಿನ ಬಡವರನ್ನು ಹಡಗು ಹತ್ತಿಸಿದರು, ಇಲ್ಲಿನ ಹಾಗೇ ಸಾಲು ಸಾಲು ಲೈನ್ ಮನೆ ಕಟ್ಟಿ ಇಟ್ಟರು. 1869ರಲ್ಲಿ ಅಲ್ಲಿ ಕಾಫಿಗೆ ಎಲೆ ತುಕ್ಕು ರೋಗ ಬಂತು. (ನಾವು ಇವತ್ತಿಗೂ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋದು ಅದಕ್ಕೇ.) ಕಾಫಿ ಹೋಗಿ ಟೀ ಬಂತು, ಲೈನ್ ಮನೆಯವರು ಅಲ್ಲೇ ಉಳಿದರು.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಪೌರತ್ವ ಕಾನೂನು ಮಾಡಿ ಇವರಲ್ಲಿ ಬಹುತೇಕರನ್ನು ಹೊರಗಿಟ್ಟಿತು, ಮೂರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತಿದ್ದರೂ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ದೆಹಲಿಯಲ್ಲಿ ಈ ಜನರನ್ನು ಪಾಲು ಮಾಡಿದರು. ಒಟ್ಟು 9,75,000 ಜನ, ಭಾರತಕ್ಕೆ 5,25,000, ಸಿಲೋನಿಗೆ 3,00,000. ಆ ಜನರನ್ನು ಯಾರು ಕೇಳಿದರು?

ಆಗ ಬಂದ ಒಂದಷ್ಟು ಕುಟುಂಬಗಳಿಗೆ ನಮ್ಮ ಸರ್ಕಾರ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತು. ಚಾರ್ಮಾಡಿ ಘಾಟಿ ಇಳಿದರೆ ಅಷ್ಟೇನೂ ದೂರ ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಮತ್ತೆ ತೋಟ, ಮತ್ತೆ ಕೂಲಿ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅವನು ಬೆರಳು ಮಡಚಿ ಕೂಡಿಸಿ, "ಅಣ್ಣ, ಒಂದೂವರೆ ಲಕ್ಷ ಕಮ್ಮಿ ಬರುತ್ತಲ್ಲ?" ಅಂದ.

"ಅದನ್ನ ಆಮೇಲೆ ನೋಡೋಣ ಅಂತ ಬಿಟ್ಟಿದ್ರು. ಹತ್ತು ವರ್ಷ ಆದ್ಮೇಲೆ, 1974ರಲ್ಲಿ, ಇಬ್ಬರೂ ಅರ್ಧರ್ಧ ಹಂಚಿಕೊಂಡ್ರು. ತಲಾ 75,000."

ಅಷ್ಟರಲ್ಲಿ ಒಳಗಿಂದ ಸಾಹುಕಾರರು ಕೂಗಿದರು. ತೇವ ಜಾಸ್ತಿ ಇದೆಯಂತೆ, ಎರಡು ಕೆಜಿ ಕಳೆಯುತ್ತಾರಂತೆ.