ಮೂರು ಅಡಿಕೆ ಕೊಡು

2025 ಆಗಸ್ಟ್ 6, ಬುಧವಾರ
ಉಡುಪಿ

ಈ ವರ್ಷ ನಮ್ಮ ಅಂಗನವಾಡಿಗೆ ಹೊಸದಾಗಿ ಸೇರಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಇಪ್ಪತ್ತರ ತನಕ ಬಾಯಿಪಾಠ ಬರುತ್ತದೆ. ಅದೂ ಇಂಗ್ಲಿಷ್‌ನಲ್ಲಿ. ಮನೆಯವರು ಮೊಬೈಲ್‌ನಲ್ಲಿ ಹಾಡು ಹಾಕಿ ಕಲಿಸಿರುತ್ತಾರೆ. ಬಿಡಲು ಬಂದಾಗ ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೇಬೇಕು. ಮೂರು ವರ್ಷದ ಮಗು ಅಷ್ಟು ಶಬ್ದಗಳನ್ನು ಸಾಲು ತಪ್ಪದೆ ನೆನಪಿಡುವುದು ಸಣ್ಣ ಸಂಗತಿಯಲ್ಲ. ಆದರೆ ಎಣಿಕೆ ಅಲ್ಲಿಗೆ ಮುಗಿಯಿತು ಅಂತ ಅವರು ಅಂದುಕೊಳ್ಳುತ್ತಾರಲ್ಲ, ಅದು ನನಗೆ ಬೇಸರ. ನಿಜವಾದ ಕೆಲಸ ಆಮೇಲೆ ಇರುವುದು.

ಇಂದು ಬೆಳಿಗ್ಗೆಯಿಂದ ಬಿಡದ ಮಳೆ. ಮಕ್ಕಳನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಮೂರೂವರೆ ವರ್ಷದ ಒಬ್ಬಳು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಡಿಕೆ ಬುಟ್ಟಿ ಮುಂದಿಟ್ಟೆ. ಸಿಪ್ಪೆ ಸುಲಿಯದ ಇಡೀ ಅಡಿಕೆ. ಈ ವಯಸ್ಸಿನವರ ಕೈಗೆ ಸಣ್ಣ ಬೀಜ ನಾನು ಕೊಡುವುದೇ ಇಲ್ಲ, ಮೂಗಿಗೋ ಬಾಯಿಗೋ ಹಾಕಿಕೊಂಡರೆ ಕಷ್ಟ.

"ಒಂದು ಅಡಿಕೆ ಕೊಡು" ಅಂದೆ. ಕೊಟ್ಟಳು. "ಎರಡು ಕೊಡು." ಎರಡೇ ಕೊಟ್ಟಳು. "ಮೂರು ಕೊಡು" ಅಂದದ್ದೇ ತಡ, ಎರಡೂ ಕೈಯಲ್ಲಿ ಬಾಚಿ ಮಡಿಲಿಗೆ ಸುರಿದಳು.

"ಇದು ಮೂರಾ?"

"ಹೂಂ."

"ಎಣಿಸು ನೋಡುವ."

ಒಂದೊಂದರ ಮೇಲೂ ಬೆರಳಿಟ್ಟು ಸೆವೆನ್ ತನಕ ಎಣಿಸಿದಳು. ಒಂದೂ ತಪ್ಪಲಿಲ್ಲ.

"ಹಾಗಾದರೆ ಎಷ್ಟುಂಟು?"

ಮತ್ತೆ ವನ್‌ನಿಂದ ಶುರು ಮಾಡಿದಳು.

ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದನ್ನು ಹೇಳುತ್ತದೆ ಎಂಬುದು ಅವಳಿಗೆ ಇನ್ನೂ ಹೊಳೆದಿಲ್ಲ. ಎಷ್ಟು ಅಂತ ಕೇಳಿದರೆ ಎಣಿಸಬೇಕು, ಅಷ್ಟೇ ಅವಳಿಗೆ ಗೊತ್ತಿರುವುದು. ಇದು ದಡ್ಡತನ ಅಲ್ಲ, ಎಲ್ಲ ಮಕ್ಕಳೂ ಹಾದುಹೋಗುವ ದಾರಿ. ಮನೋವಿಜ್ಞಾನಿ ಕ್ಯಾರೆನ್ ವಿನ್ 1990ರ ದಶಕದ ಆರಂಭದಲ್ಲಿ ಹೀಗೇ 'ಇಷ್ಟು ಕೊಡು' ಅಂತ ಕೇಳಿ ಕೇಳಿ ಮಕ್ಕಳನ್ನು ಗಮನಿಸಿದ್ದರು. ಮೊದಲು 'ಒಂದು' ಮಾತ್ರ ಅರ್ಥವಾಗುತ್ತದೆ, ಉಳಿದದ್ದೆಲ್ಲ 'ಜಾಸ್ತಿ'. ಆಮೇಲೆ ಎರಡು. ಆಮೇಲೆ ಮೂರು. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಬೇಕು. ನಂತರ, ಹೆಚ್ಚಿನ ಮಕ್ಕಳಿಗೆ ನಾಲ್ಕು ವರ್ಷದ ಆಸುಪಾಸಿನಲ್ಲಿ, ಎಣಿಕೆಯ ಗುಟ್ಟು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಐದು, ಆರು, ಎಂಟು ಅಂತ ಬೇರೆ ಬೇರೆ ಕಲಿಸಬೇಕಾಗಿಲ್ಲ.

ಸುಮ್ನೆ ಹೊಳೆಯಿತು, ತುಳುವಿನಲ್ಲಿ ಕೇಳಿದೆ. "ಮೂಜಿ ಕೊರ್ಲ." ಬುಟ್ಟಿಗೆ ಕೈಹಾಕಿ ಒಂದೊಂದಾಗಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಸರಿಯಾಗಿ ಮೂರು! "ನಾಲ್ ಕೊರ್ಲ" ಅಂದಾಗ ಮಾತ್ರ ಮತ್ತೆ ಎರಡು ಕೈಯ ರಾಶಿ.

ಅಂದರೆ ಮನೆಯ ಭಾಷೆಯಲ್ಲಿ ಅವಳು ಒಂದು ಮೆಟ್ಟಿಲು ಮುಂದಿದ್ದಾಳೆ. ಎರಡು ಭಾಷೆ ಕಲಿಯುವ ಮಕ್ಕಳ ಬಗ್ಗೆ ಓದಿದ್ದು ಇಲ್ಲಿ ಕಣ್ಣಾರೆ ಕಂಡಿತು. ಒಂದು, ಎರಡು, ಮೂರರ ಅರ್ಥವನ್ನು ಮಗು ಪ್ರತಿ ಭಾಷೆಯಲ್ಲೂ ಬೇರೆಯಾಗಿ ಕಲಿಯಬೇಕು. ಆದರೆ ಎಣಿಕೆಯ ಗುಟ್ಟು ಒಂದು ಭಾಷೆಯಲ್ಲಿ ಹಿಡಿತಕ್ಕೆ ಬಂದರೆ ಸಾಕು, ಇನ್ನೊಂದಕ್ಕೂ ಅದು ದಾಟುತ್ತದೆ. ನಮ್ಮ ಕಡೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಇಲ್ಲಿ ಕನ್ನಡ, ಪಕ್ಕದ ರಸ್ತೆಯ ಎಲ್‌ಕೆಜಿಯಲ್ಲಿ ಇಂಗ್ಲಿಷ್. ಮನೆಯಲ್ಲಿ ತುಳು ಮಾತಾಡಿದರೆ ಮಗು ಹಿಂದೆ ಬೀಳ್ತದಾ ಅಂತ ತಾಯಂದಿರು ಹೆದರುತ್ತಾರೆ. ಅಕ್ಕ, ದಯವಿಟ್ಟು ತುಳುವಿನಲ್ಲೇ ಎಣಿಸಿ. ಮಗುವಿಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೇ ಆ ಗುಟ್ಟು ಬೇಗ ಸಿಗುವುದು.

ಆಚೆ ಮೂಲೆಯಲ್ಲಿ ದೊಡ್ಡವರು, ಅಂದರೆ ಐದು ದಾಟಿದವರು, ಚೆನ್ನೆಮಣೆಯ (ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗುವ ಅಳಗುಳಿಮಣೆ) ಸುತ್ತ ಕೂತಿದ್ದರು. ಮುಂದಿನ ವಾರದ ಆಟಿಡೊಂಜಿ ದಿನಕ್ಕೆ, ಅಂದರೆ ತುಳುವರ ಆಟಿ ತಿಂಗಳ ಆಚರಣೆಗೆ ಅಂತ ಒಬ್ಬರ ಮನೆಯಿಂದ ಬಂದ ಹಳೇ ಮಣೆ. ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ ಹುಣಸೆ ಬೀಜ ತುಂಬಿಸಲು ಅವರಿಗೇ ಬಿಟ್ಟೆ. ಅದಕ್ಕೇ ಬಹಳ ಹೊತ್ತು ಹಿಡಿಯಿತು, ಹಿಡಿಯಲಿ. ಐದು ಬಿದ್ದಲ್ಲಿ ಒಂದು ತೆಗೆಯುವುದು, ಮೂರಿದ್ದಲ್ಲಿ ಒಂದು ಸೇರಿಸುವುದು, "ಇದ್ರಲ್ಲಿ ಕಮ್ಮಿ ಉಂಟು" ಅಂತ ಜಗಳ. ಕೂಡುವುದು ಕಳೆಯುವುದು ಇದಕ್ಕಿಂತ ಬೇರೆ ಏನು?

ಆಟ ಶುರುವಾದ ಮೇಲೆ ಒಬ್ಬ ಹುಡುಗ ಮಾಡಿದ್ದು ನೋಡಿ ನಾನು ಅಲ್ಲೇ ನಿಂತೆ. ಬೀಜ ಕೈಗೆತ್ತಿಕೊಳ್ಳುವ ಮೊದಲೇ ಗುಳಿಗಳ ಮೇಲೆ ಬೆರಳು ಆಡಿಸಿ, "ಲಾಸ್ಟ್ ಇಲ್ಲಿ ಬೀಳ್ತದೆ" ಅಂದ. ಒಂದೊಂದೇ ಹಾಕುತ್ತಾ ಹೋದ. ಅಲ್ಲೇ ಬಿತ್ತು. ಎದುರಿಗಿದ್ದವಳು ನಂಬದೆ ಇನ್ನೊಮ್ಮೆ ಮಾಡಿಸಿದಳು. ಕೈಯಲ್ಲಿ ಇಲ್ಲದ ಬೀಜವನ್ನು ಮನಸ್ಸಿನಲ್ಲೇ ಎಣಿಸುವುದು ಅಂದರೆ ಅದು. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ.

ಮಣೆಯ ಆಟದಿಂದ ಎಣಿಕೆ ಗಟ್ಟಿಯಾಗುತ್ತದೆ ಅನ್ನುವುದಕ್ಕೆ ಆಧಾರವೂ ಇದೆ. ಮನೋವಿಜ್ಞಾನಿಗಳಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರ ತನಕ ಸಂಖ್ಯೆ ಬರೆದ ಮನೆಗಳ ಸಾಲಿನಲ್ಲಿ ಕಾಯಿ ನಡೆಸುವ ಆಟ ಆಡಿಸಿದರು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಆಟ. ಮಕ್ಕಳು ಸಂಖ್ಯೆಯಲ್ಲಿ ಮುಂದೆ ಬಂದರು, ವಾರಗಳ ನಂತರವೂ ಅದು ಉಳಿದಿತ್ತು. 2008ರಲ್ಲಿ ಪ್ರಕಟವಾದ ಅಧ್ಯಯನ. ಸಂಖ್ಯೆಯ ಬದಲು ಬರೀ ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಚೆನ್ನೆಮಣೆಯಲ್ಲಿ ಸಂಖ್ಯೆ ಬರೆದಿರುವುದಿಲ್ಲ, ಆಟ ಸುತ್ತಿ ಬರುತ್ತದೆ, ಹಾಗಾಗಿ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆ ಸಂಖ್ಯೆಯ ಆಟಕ್ಕೆ ನಮ್ಮ ಹಾವು ಏಣಿ ಹೆಚ್ಚು ಹತ್ತಿರ. ಚೆನ್ನೆಮಣೆಯ ಬಲ ಬೇರೆ. ಒಂದು ಗುಳಿಗೆ ಒಂದೇ ಬೀಜ, ತಪ್ಪಿದರೆ ಎದುರಾಳಿ ಬಿಡುವುದಿಲ್ಲ!

ಅಂಗನವಾಡಿಗಳನ್ನು ನಡೆಸುವ ಸರ್ಕಾರಿ ಯೋಜನೆ ಐಸಿಡಿಎಸ್ ಶುರುವಾಗಿ 2025ರ ಅಕ್ಟೋಬರ್ 2ಕ್ಕೆ 50 ವರ್ಷ. ಇವತ್ತಿಗೂ ಎಷ್ಟೋ ಜನರಿಗೆ ಅಂಗನವಾಡಿ ಅಂದರೆ ಮೊಟ್ಟೆ, ಪೌಷ್ಟಿಕ ಆಹಾರ, ತೂಕ ನೋಡುವುದು. ಅದು ಬೇಕು, ಬಹಳ ಬೇಕು. ಆದರೆ ಮೂರರಿಂದ ಆರರ ತನಕದ ಕಲಿಕೆಯೂ ಇಲ್ಲೇ ನಡೆಯುತ್ತದೆ. ಕಾಪಿ ಪುಸ್ತಕದಲ್ಲಿ ಕಾಣುವುದಿಲ್ಲ ಅಂತ ಅದು ಇಲ್ಲ ಅಂದುಕೊಂಡರೆ ಹೇಗೆ?

ಶನಿವಾರ ತಾಯಂದಿರ ಸಭೆ. ಭಾಷಣ ಬೇಡ, ಅಡಿಕೆ ಬುಟ್ಟಿ ಇಟ್ಟು ಅವರ ಮಕ್ಕಳನ್ನೇ ಕೇಳಿ ತೋರಿಸುತ್ತೇನೆ. ಯಾರ ಮಗು ಮುಂದೆ ಅಂತ ಹೋಲಿಸಲು ಬಿಡಬಾರದು, ಅದನ್ನು ಮೊದಲೇ ಹೇಳಿಬಿಡಬೇಕು. ಮನೆಯಲ್ಲಿ ಮಾಡಲು ಇಷ್ಟೇ ಹೇಳುವುದು: ಕಣ್ಣೆದುರು ಇರುವುದನ್ನು ಎಣಿಸಿ, ಕೊನೆಗೆ ಒಟ್ಟು ಎಷ್ಟು ಅಂತ ನೀವೇ ಒಮ್ಮೆ ಹೇಳಿ. "ಒಂಜಿ, ರಡ್ಡ್, ಮೂಜಿ. ಮೂಜಿ ಬಾಳೆಹಣ್ಣು." ಊಟಕ್ಕೆ ಬಟ್ಟಲು ಮಗುವಿನ ಕೈಯಲ್ಲೇ ಹಾಕಿಸಿ. ಒಂದು ಕಮ್ಮಿ ಬಿದ್ದರೆ ನೀವು ತರಬೇಡಿ, ಅದೇ ಹೋಗಿ ತರಲಿ.

ಅಡಿಕೆ ಕೊಟ್ಟ ಆ ಹುಡುಗಿಯ ಹತ್ತಿರ ನಾಳೆ ನಾಲ್ಕು ಕೇಳುವುದಿಲ್ಲ. ಕನ್ನಡದ ಮೂರು ಮೊದಲು ಗಟ್ಟಿಯಾಗಲಿ. ಸಹಾಯಕಿಗೆ ಹೇಳಿಟ್ಟಿದ್ದೇನೆ, ಊಟದ ಹೊತ್ತಿಗೆ ಲೋಟ ಹಂಚುವ ಕೆಲಸ ಅವಳಿಗೇ.