ದುಂಡು ಹೊಗೆಗೂಡಿನ ಮನೆ

"ಈ ಹೊಗೆಗೂಡಿಗೆ ಮೂಲೆನೇ ಇಲ್ಲಲ್ಲ, ಯಾಕ?"

ಫೋಟೋ ಕಳಿಸಿ ಐದು ನಿಮಿಷ ಆಗಿರಲಿಲ್ಲ, ಅಪ್ಪನ ಫೋನ್ ಬಂತು.

ನಾನಿದ್ದದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಟ್ರೌಟ್‌ಬೆಕ್ ಹಳ್ಳಿಯಲ್ಲಿ. ಅಲ್ಲಿ ಟೌನೆಂಡ್ ಅನ್ನುವ ಹಳೆಯ ಒಕ್ಕಲುಮನೆ ಇದೆ. 1626ರ ಸುಮಾರಿಗೆ ಕಟ್ಟಿದ್ದು. ಬ್ರೌನ್ ಎಂಬ ರೈತ ಮನೆತನ 1943ರವರೆಗೂ ಅಲ್ಲೇ ಬಾಳಿತು. ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ.

ಅಪ್ಪ ಶಹಾಬಾದ್ ಕಡೆಯ ಗೌಂಡಿ. ನಲವತ್ತು ವರ್ಷ ಫರಸಿ ಕಲ್ಲಿನ ಜೊತೆಗೇ ಕಳೆದವರು. ಹಾಗಾಗಿ ಬಿಳಿ ಗೋಡೆ, ಸ್ಲೇಟ್ ಕಲ್ಲಿನ ಮಾಡು ಎಲ್ಲ ಬಿಟ್ಟು ಅವರ ಕಣ್ಣು ನೇರ ಹೊಗೆಗೂಡಿಗೆ ಹೋಯಿತು. ಮನೆ ತೋರಿಸುತ್ತಿದ್ದ ಅಜ್ಜಿಯನ್ನು ಕೇಳಿದೆ. ಅಲ್ಲಿಯ ಸ್ಲೇಟ್ ಹಾಳೆಹಾಳೆಯಾಗಿ, ಸೊಟ್ಟಸೊಟ್ಟಗೆ ಸೀಳುತ್ತದೆ. ಚೌಕ ಮೂಲೆ ಕೂರಿಸಲು ಬೇಕಾದ ದಪ್ಪ ಕಲ್ಲು ಅದರಲ್ಲಿ ಸಿಗುವುದು ಕಷ್ಟ. ದುಂಡಗೆ ಕಟ್ಟಿದರೆ ಮೂಲೆಯ ಗೊಡವೆಯೇ ಇಲ್ಲ. ಅಪ್ಪನಿಗೆ ಅದನ್ನೇ ಹೇಳಿದೆ. "ಹೌದು ಮತ್ತ," ಅಂದರು ಅಪ್ಪ, ತಮಗೆ ಮೊದಲೇ ಗೊತ್ತಿತ್ತು ಅನ್ನುವಂತೆ.

ಒಳಗೆ ಕರೆಂಟ್ ದೀಪ ಇಲ್ಲ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತೇ ಬೇಕಾಯಿತು. ಒಲೆಯಿದ್ದ ದೊಡ್ಡ ಕೋಣೆಗೆ ಅವರು 'ಫೈರ್‌ಹೌಸ್' ಅನ್ನುತ್ತಾರೆ. ಎಲ್ಲೆಲ್ಲೂ ಕೆತ್ತನೆ ಮಾಡಿದ ಕಪ್ಪು ಓಕ್ ಮರ. ಅದರಲ್ಲಿ ಎಷ್ಟೋ ಕೆಲಸ ಹತ್ತೊಂಬತ್ತನೇ ಶತಮಾನದಲ್ಲಿ ಬದುಕಿದ್ದ ಜಾರ್ಜ್ ಬ್ರೌನ್ ಅವರ ಕೈಯದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕಪಾಟು. ಅದು ರೊಟ್ಟಿಯ ಕಪಾಟಂತೆ! ಆ ಗುಡ್ಡಗಳ ಚಳಿಮಳೆಯಲ್ಲಿ ಗೋಧಿ ಸರಿಯಾಗಿ ಬರುತ್ತಿರಲಿಲ್ಲ. ಓಟ್ಸ್ ಹಿಟ್ಟನ್ನು ಕೈಯಲ್ಲಿ ತಟ್ಟಿ, ತೆಳ್ಳಗೆ ಬೇಯಿಸಿ, ಒಣಗಿಸಿ, ತಿಂಗಳುಗಟ್ಟಲೆ ಇಡುತ್ತಿದ್ದರು. ಹೆಸರು ಕ್ಲಾಪ್‌ಬ್ರೆಡ್. ತಟ್ಟುವುದರಿಂದಲೇ ಆ ಹೆಸರು. ಬೆಂಕಿಯಿರುವ ಕೋಣೆಯಲ್ಲೇ ಕಪಾಟು ಕೂರಿಸಿದ್ದು ರೊಟ್ಟಿ ಮೆತ್ತಗಾಗದಿರಲಿ ಅಂತ. ನನಗೆ ಅವ್ವ ಬಡಿಯುವ ಜೋಳದ ರೊಟ್ಟಿಯ ಸದ್ದು ಕೇಳಿದ ಹಾಗಾಯಿತು. ನಮ್ಮ ಕಡಕ್ ರೊಟ್ಟಿಯೂ ಹೀಗೇ ಅಲ್ವಾ? ನಾವು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಡುತ್ತೇವೆ. ಇವರು ಅದಕ್ಕೆ ಹೂಬಳ್ಳಿ ಕೆತ್ತಿದ ಬಾಗಿಲನ್ನೇ ಮಾಡಿಸುತ್ತಿದ್ದರು. ರೊಟ್ಟಿಗೆ ಅಷ್ಟು ಮರ್ಯಾದೆ ಕೊಟ್ಟವರ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಎದುರಿಗೇ ಕೊಟ್ಟಿಗೆ. ಅದನ್ನು ಇಳಿಜಾರಿಗೆ ಆನಿಸಿ ಕಟ್ಟಿದ್ದಾರೆ. ಮೇಲಿನ ಮಗ್ಗುಲಿನಿಂದ ಗಾಡಿ ನೇರ ಅಟ್ಟಕ್ಕೆ, ಕೆಳಗೆ ದನ. ಮೇವು ಹೊತ್ತು ಹತ್ತಿಸುವ ಕೆಲಸವೇ ಇಲ್ಲ.

ವಾಪಸ್ ಇಳಿಯುವಾಗ ಹೊಲದ ಗೋಡೆಗಳ ಫೋಟೋವನ್ನೂ ಅಪ್ಪನಿಗೆ ಕಳಿಸಿದೆ. ಸುಣ್ಣ, ಗಾರೆ ಏನೂ ಇಲ್ಲದ ಗೋಡೆ. ಎರಡು ಮುಖ, ನಡುವೆ ಚೂರುಗಲ್ಲು. ಅಲ್ಲಲ್ಲಿ ಉದ್ದನೆಯ ಕಲ್ಲೊಂದು ಹೊರಗೆ ಚಾಚಿತ್ತು. ಮತ್ತೆ ಫೋನ್ ಬಂತು.

"ಆ ಉದ್ದನ ಕಲ್ಲು ಆ ಕಡೆನೂ ಹೊರಗ ಬಂದದ ಏನು? ಹೋಗಿ ನೋಡು."

ಮಳೆ ಜಿನುಗುತ್ತಿತ್ತು. ಗೇಟಿನ ತನಕ ಹಿಂದೆ ನಡೆದು, ಸುತ್ತಿಕೊಂಡು ಹೋಗಿ ನೋಡಿದೆ.

"ಬಂದದ ಅಪ್ಪ."

"ಹಂಗಾದ್ರ ಆ ಗೋಡೆ ಬೀಳಂಗಿಲ್ಲ," ಅಂದರು.